ಹೆಸರು ಮುಚ್ಚಿದ ಉತ್ತರ ಪತ್ರಿಕೆ

1057ನೇ ಇಸವಿ. ಚೀನಾದಲ್ಲಿ ಸಾಂಗ್ ರಾಜವಂಶದ ಆಳ್ವಿಕೆ. ರಾಜಧಾನಿ ಕೈಫೆಂಗ್‌ನಲ್ಲಿ ಸರ್ಕಾರಿ ಹುದ್ದೆಗೆ ಆಯ್ಕೆ ಮಾಡುವ ದೊಡ್ಡ ಪರೀಕ್ಷೆ ಮುಗಿದು ಪತ್ರಿಕೆ ತಿದ್ದುವ ಕೆಲಸ ನಡೀತಿದೆ. ಮುಖ್ಯ ಪರೀಕ್ಷಕ ಔಯಾಂಗ್ ಶಿಯು, ಆ ಕಾಲದ ಬಹುದೊಡ್ಡ ವಿದ್ವಾಂಸ. ಒಂದು ಪ್ರಬಂಧ ಅವನ ಕೈಗೆ ಬಂತು. ಓದಿ ದಂಗಾದ. ಇದಕ್ಕೇ ಮೊದಲ ಸ್ಥಾನ ಅಂತ ಮನಸ್ಸಲ್ಲಿ ಅಂದುಕೊಂಡ. ಆಮೇಲೆ ಅನುಮಾನ ಶುರುವಾಯ್ತು. ಇಷ್ಟು ಚೆನ್ನಾಗಿ ಬರೆಯೋನು ನನ್ನ ಶಿಷ್ಯ ಝೆಂಗ್ ಗಾಂಗ್ ಒಬ್ಬನೇ, ಇದು ಅವನದ್ದೇ ಇರಬೇಕು. ಸ್ವಂತ ಶಿಷ್ಯನಿಗೆ ಫಸ್ಟ್ ರ‍್ಯಾಂಕ್ ಕೊಟ್ಟರೆ ಜನ ಏನಂತಾರೆ? ಸರಿ, ಎರಡನೇ ಸ್ಥಾನಕ್ಕೆ ಇಳಿಸಿದ.

ಫಲಿತಾಂಶ ಬಂದಾಗ ಗೊತ್ತಾಯ್ತು, ಆ ಪತ್ರಿಕೆ ಶಿಷ್ಯನದಲ್ಲ. ದೂರದ ಸಿಚುವಾನ್ ಕಡೆಯಿಂದ ಅಪ್ಪ ಮತ್ತು ತಮ್ಮನ ಜೊತೆ ಬಂದಿದ್ದ, ಇಪ್ಪತ್ತರ ಆಸುಪಾಸಿನ ಸು ಶಿ ಎಂಬ ಹುಡುಗನದು. ಮುಂದೆ ಇವನೇ ಚೀನಾದ ಅತಿ ದೊಡ್ಡ ಕವಿಗಳಲ್ಲಿ ಒಬ್ಬನಾದ. ತಮಾಷೆ ಏನಪ್ಪಾ ಅಂದ್ರೆ, ಆ ಪ್ರಬಂಧದ ವಿಷಯವೇ ಶಿಕ್ಷೆ ಮತ್ತು ಬಹುಮಾನ ಕೊಡುವಾಗ ಇರಬೇಕಾದ ಔದಾರ್ಯ! ಇನ್ನೊಂದು ಕತೆಯೂ ಇದೆ. ಪ್ರಬಂಧದಲ್ಲಿ ಸು ಶಿ ಪುರಾಣ ಕಾಲದ ರಾಜನೊಬ್ಬನ ಪ್ರಸಂಗ ಹಾಕಿದ್ದ. ಪರೀಕ್ಷಕರಿಗೆ ಅದು ಯಾವ ಗ್ರಂಥದ್ದು ಅಂತ ಹೊಳೀಲಿಲ್ಲ. ಆಮೇಲೆ ಅವನನ್ನೇ ಕೇಳಿದರೆ, ಹಾಗೇ ನಡೆದಿರಬೇಕು ಅಂದುಕೊಂಡು ಬರೆದೆ ಅಂದನಂತೆ. ಎಸ್ಸೆಸ್ಸೆಲ್ಸಿ ಪ್ರಬಂಧದಲ್ಲಿ ಗಾಂಧೀಜಿ ಬಾಯಲ್ಲಿ ನಾವೇ ಮಾತು ಹಾಕಿ ಇನ್ವರ್ಟೆಡ್ ಕಾಮಾ ಕೊಟ್ಟು ಬರೆದವರಿಗೆಲ್ಲ ಈ ಮನುಷ್ಯ ಮೂಲಪುರುಷ.

ನನಗೆ ಈ ಪ್ರಸಂಗ ಇಷ್ಟವಾಗೋದು ಬೇರೆ ಕಾರಣಕ್ಕೆ. ಔಯಾಂಗ್ ಶಿಯು ಯಾಕೆ ಊಹೆ ಮಾಡಬೇಕಾಯ್ತು? ಪತ್ರಿಕೆ ಮೇಲೆ ಹೆಸರು ಕಾಣ್ತಿರಲಿಲ್ಲ, ಅದಕ್ಕೆ. ಹುಡುಗರು ಹೆಸರು, ಊರು, ಮನೆತನ ಬರೆದ ಭಾಗದ ಮೇಲೆ ಕಾಗದ ಅಂಟಿಸಿ ಮುಚ್ಚುವ ಪದ್ಧತಿಯನ್ನ ಅರಮನೆಯ ಅಂತಿಮ ಪರೀಕ್ಷೆಗೆ 992ರಲ್ಲೇ ತಂದಿದ್ದರು. ಅಷ್ಟಾದರೂ ಪರೀಕ್ಷಕರು ಅಕ್ಷರದ ಶೈಲಿ ನೋಡಿ ಇವನು ಇಂಥವರ ಮನೆ ಹುಡುಗ ಅಂತ ಕಂಡುಹಿಡೀತಿದ್ದರು. ಅದಕ್ಕೆ 1015ರಲ್ಲಿ ನಕಲು ಮಾಡುವವರದ್ದೇ ಒಂದು ಕಚೇರಿ ತೆರೆದರು. ಹುಡುಗ ಕಪ್ಪು ಮಸಿಯಲ್ಲಿ ಬರೆದದ್ದನ್ನ ಗುಮಾಸ್ತರು ಬೇರೆ ಹಾಳೆಗೆ ಅಕ್ಷರಶಃ ಇಳಿಸಬೇಕು. ಇನ್ನೊಬ್ಬರು ಅದನ್ನ ಮೂಲದ ಜೊತೆ ತಾಳೆ ನೋಡಬೇಕು. ಪರೀಕ್ಷಕನಿಗೆ ಹೋಗೋದು ಆ ನಕಲು ಪ್ರತಿ ಮಾತ್ರ. ಅಂತಿಮ ಪರೀಕ್ಷೆಯಲ್ಲಿ ಒಬ್ಬ ಕೊಟ್ಟ ದರ್ಜೆಯನ್ನ ಮುಚ್ಚಿಟ್ಟು ಎರಡನೆಯವನ ಕೈಲಿ ತಿದ್ದಿಸಿ, ವ್ಯತ್ಯಾಸ ಬಂದರೆ ಮೂರನೆಯವನು ತೀರ್ಮಾನ ಮಾಡ್ತಿದ್ದ. ನಾವು ಇಂಜಿನಿಯರಿಂಗ್‌ನಲ್ಲಿ ದುಡ್ಡು ಕಟ್ಟಿ ಹಾಕಿಸಿಕೊಳ್ತಿದ್ದ ಥರ್ಡ್ ವ್ಯಾಲ್ಯುಯೇಷನ್ ಸಾವಿರ ವರ್ಷ ಹಳೇದು ಕಣ್ರೀ.

ಒಬ್ಬ ಹುಡುಗನ ಪತ್ರಿಕೆ ನ್ಯಾಯವಾಗಿ ತಿದ್ದೋಕೆ ಒಂದು ರಾಜ್ಯ ಇಷ್ಟೊಂದು ಗುಮಾಸ್ತರಿಗೆ ಸಂಬಳ ಕೊಡ್ತಿತ್ತು ಅಂತ ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ನಮ್ಮೂರ ಪ್ರೈಮರಿ ಸ್ಕೂಲು.

ಅಲ್ಲಿ ಗುಟ್ಟು ಅನ್ನೋದೇ ಇರಲಿಲ್ಲ. ಹಾಳೆಯ ತಲೆಮೇಲೆ ಹೆಸರು, ಹೆಸರಿನ ಹಿಂದೆ ಅಪ್ಪ, ಅಪ್ಪನ ಹಿಂದೆ ಕೇರಿ, ಎಲ್ಲ ಮೇಷ್ಟ್ರಿಗೆ ಗೊತ್ತು. ನಮ್ಮಪ್ಪಂದು ಸಣ್ಣ ದಿನಸಿ ಅಂಗಡಿ. ಲೆಕ್ಕದ ಮೇಷ್ಟ್ರ ಮನೆಗೆ ಅಕ್ಕಿ, ಬೇಳೆ, ಸೀಮೆಎಣ್ಣೆ ಎಲ್ಲ ನಮ್ಮಲ್ಲಿಂದಲೇ, ಬರೆಸಿ. ಸಂಬಳ ತಡವಾದ ತಿಂಗಳು ಆ ಲೆಕ್ಕದ ಪುಸ್ತಕದಲ್ಲಿ ಅವರ ಪುಟ ತುಂಬಿ ಪಕ್ಕದ ಪುಟಕ್ಕೆ ಹೋಗ್ತಿತ್ತು. ನನ್ನ ಪಕ್ಕ ಕೂರ್ತಿದ್ದ ಗೆಳೆಯನ ಮನೆ ಊರಾಚೆಯ ಕೇರಿಯಲ್ಲಿ. ಅಪ್ಪ ಅವ್ವ ಇಬ್ಬರೂ ಕೂಲಿ. ಲೆಕ್ಕದಲ್ಲಿ ಅವನು ನನಗಿಂತ ಚುರುಕು. ಇದರಲ್ಲಿ ಸೌಜನ್ಯ ಏನೂ ಇಲ್ಲ, ನಾನು ಲೆಕ್ಕ ಕಲಿತದ್ದೇ ಅರ್ಧ ಅವನ ಹತ್ತಿರ.

ಆರನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆ ಪೇಪರ್ ಕೊಟ್ಟ ದಿನ ಇಬ್ಬರೂ ಅರಳಿಕಟ್ಟೆ ಮೇಲೆ ಕೂತು ತಾಳೆ ನೋಡಿದ್ವಿ. ಲಾಭ ನಷ್ಟದ್ದು ಒಂದು ಲೆಕ್ಕ, ಐದು ಮಾರ್ಕಿಗೆ. ಇಬ್ಬರದ್ದೂ ಒಂದೇ ಉತ್ತರ, ಒಂದೇ ಹೆಜ್ಜೆಗಳು. ನನಗೆ ಐದು, ಅವನಿಗೆ ಎರಡೂವರೆ. ಇನ್ನೊಂದರಲ್ಲಿ ನನಗೆ ನಾಲ್ಕು, ಅವನಿಗೆ ಎರಡು. ಕೂಡಿದರೆ ನನಗೆ ಎಪ್ಪತ್ತರ ಮೇಲೆ, ಅವನಿಗೆ ನಲವತ್ತೂ ದಾಟಿರಲಿಲ್ಲ. ಎರಡೂ ಪೇಪರ್ ತಗೊಂಡು ನಾನೇ ಮೇಷ್ಟ್ರ ಹತ್ತಿರ ಹೋದೆ. ಅಂಗಡಿಯವನ ಮಗ ಅನ್ನೋ ಧೈರ್ಯ ಇತ್ತಲ್ಲ. ಅವರು ಕನ್ನಡಕ ಏರಿಸಿ ಎರಡನ್ನೂ ನೋಡಿ ಹೇಳಿದ್ದು ಇಷ್ಟೇ: "ನಿಂದು ನೀಟಾಗೈತೆ. ಅವ್ನು ನೋಡು, ಕೋಳಿ ಕೆರ್ದಂಗೆ ಕೆರ್ದವ್ನೆ. ಪಾಸಾಗವ್ನಲ್ಲ, ಸಾಕು ಬಿಡು ಅವ್ನಿಗೆ."

ಸಾಕು ಬಿಡು ಅವನಿಗೆ. ಮೇಷ್ಟ್ರು ಕೆಟ್ಟವರಾಗಿರಲಿಲ್ಲ. ಮಳೆಗಾಲದಲ್ಲಿ ನಮ್ಮನ್ನ ಹಳ್ಳ ದಾಟಿಸಿ ಮನೆಗೆ ಕಳಿಸ್ತಿದ್ದವರು, ಅದರಲ್ಲಿ ಕೇರಿ ಭೇದ ಮಾಡಿದವರಲ್ಲ. ಆದರೆ ಯಾರಿಗೆ ಎಷ್ಟು ಸಾಕು ಅನ್ನೋ ಒಂದು ಅಂದಾಜು ಪೆನ್ನು ಹಿಡಿಯೋಕೆ ಮೊದಲೇ ಅವರ ತಲೆಯಲ್ಲಿ ಇತ್ತು.

ಹಿಂದೆ ನಮ್ಮಲ್ಲಿ ಹೇಗಿತ್ತು ಅಂತ ಹುಡುಕಿದರೆ ಮಜವಾದ ಒಂದು ದಾಖಲೆ ಸಿಗುತ್ತೆ. 1822ರಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ತನ್ನ ಪ್ರಾಂತ್ಯದ ಊರೂರಿನ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಉದ್ದದ ವರದಿ ಕಳಿಸಿದ. ಜಿಲ್ಲೆಯಲ್ಲಿ 533 ಶಾಲೆಗಳಿದ್ದವು, ಕನ್ನಡ ಮತ್ತು ತೆಲುಗಿನವೇ ಹೆಚ್ಚು. ಬೆಳಿಗ್ಗೆ ಶಾಲೆಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೀತಿದ್ದರಂತೆ. ಎರಡನೆಯವನ ಅಂಗೈಯಲ್ಲಿ ಒಂದು ಸೊನ್ನೆ, ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ ಅನ್ನೋದಕ್ಕೆ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ಬಂದ ಕ್ರಮದಲ್ಲಿ ಒಂದೊಂದು ಏಟು ಜಾಸ್ತಿ. ಕೊನೆಗೆ ಬಂದವನ ಗತಿ ಊಹಿಸಿಕೊಳ್ಳಿ. ಏಟು ಬಿಟ್ಟು ನೋಡಿದರೆ ಈ ಪದ್ಧತಿಯಲ್ಲಿ ಒಂದು ಒಳ್ಳೇ ಗುಣ ಇದೆ: ಯಾರು ಮೊದಲು ಬಂದರು ಅನ್ನೋದು ಇಡೀ ಕ್ಲಾಸಿಗೆ ಕಾಣುತ್ತೆ, ವಾದ ಮಾಡೋಕೆ ಏನೂ ಇಲ್ಲ. ಬೆಳಿಗ್ಗೆ ದನ ಬಿಟ್ಟುಬರಬೇಕಾದ ಹುಡುಗ ಮೊದಲು ಬರೋಕಾಗುತ್ತಾ ಅನ್ನೋದು ಬೇರೆ ಮಾತು.

ಈಗಿನ ರೀತಿಯ ಪಬ್ಲಿಕ್ ಪರೀಕ್ಷೆ ನಮಗೆ ಬಂದದ್ದು 1857ರ ನಂತರ. ಆ ವರ್ಷ ಕಲ್ಕತ್ತಾ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳು ಶುರುವಾದವು. ಆರಂಭದಲ್ಲಿ ಅವುಗಳ ಮುಖ್ಯ ಕೆಲಸ ಪಾಠ ಹೇಳೋದಲ್ಲ, ಪರೀಕ್ಷೆ ನಡೆಸೋದು, ಡಿಗ್ರಿ ಕೊಡೋದು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆಗುವವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜಿನ ಹುಡುಗರು ಮದ್ರಾಸಿನ ಪರೀಕ್ಷೆಯನ್ನೇ ಬರೀಬೇಕಿತ್ತು. ಕಲ್ಕತ್ತಾದಲ್ಲಿ 1858ರಲ್ಲಿ ನಡೆದ ಮೊದಲ ಬಿ.ಎ. ಪರೀಕ್ಷೆಯ ಕತೆ ನೋಡಿ. ಬರೆದವರು ಹತ್ತು ಜನ, ಒಬ್ಬರೂ ಪಾಸಾಗಲಿಲ್ಲ. ಇಬ್ಬರು ಐದು ವಿಷಯ ದಾಟಿ ಒಂದರಲ್ಲಿ ಸ್ವಲ್ಪದರಲ್ಲಿ ಹೋಗಿದ್ದರು. ಅವರಿಗೆ ಏಳು ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸು ಮಾಡಿದರು. ಒಬ್ಬರು ಜದುನಾಥ ಬೋಸ್. ಇನ್ನೊಬ್ಬರು ಬಂಕಿಮಚಂದ್ರ ಚಟರ್ಜಿ. ಹೌದು, 'ಆನಂದಮಠ' ಬರೆದ ಬಂಕಿಮರೇ. ಭಾರತದ ಮೊದಲ ಪದವೀಧರರಲ್ಲಿ ಒಬ್ಬರು ಅಂತ ಪಠ್ಯಪುಸ್ತಕ ಹೇಳುತ್ತೆ, ಏಳು ಮಾರ್ಕಿನ ವಿಷಯ ಹೇಳಲ್ಲ. ನನ್ನ ಕೇಳಿದರೆ ಇದನ್ನ ಪ್ರತಿ ಕಾಲೇಜಿನ ನೋಟಿಸ್ ಬೋರ್ಡಿಗೆ ಹಾಕಬೇಕು.

ಹತ್ತು ಜನ ಬಿ.ಎ. ಬರೆಯೋ ಕಾಲ ಹೋಗಿ ಸಾವಿರಾರು ಜನ ಬರೆಯೋ ಕಾಲ ಬಂದಾಗ, ಈ ಮಾರ್ಕ್ಸು ಅನ್ನೋದು ಎಷ್ಟು ಗಟ್ಟಿ ಅಂತ ಕೇಳೋ ಜನರೂ ಹುಟ್ಟಿಕೊಂಡರು. ಅವರಲ್ಲಿ ನನಗೆ ಪ್ರಿಯನಾದವನು ಫ್ರಾನ್ಸಿಸ್ ಎಡ್ಜ್‌ವರ್ತ್. ಅರ್ಥಶಾಸ್ತ್ರಜ್ಞ, ಸಂಖ್ಯಾಶಾಸ್ತ್ರಜ್ಞ. 1888ರಲ್ಲಿ ಪರೀಕ್ಷೆಗಳ ಅಂಕಿಅಂಶದ ಬಗ್ಗೆ ಒಂದು ಪ್ರಬಂಧ, 1890ರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಅದೃಷ್ಟದ ಪಾಲು ಎಷ್ಟು ಅಂತ ಇನ್ನೊಂದು ಪ್ರಬಂಧ ಬರೆದ. ಖಗೋಳ ವಿಜ್ಞಾನಿಗಳು ಒಂದು ನಕ್ಷತ್ರದ ಸ್ಥಾನವನ್ನ ಹತ್ತು ಸಲ ಅಳೆದರೆ ಹತ್ತು ಉತ್ತರ ಬರುತ್ತೆ, ಅದನ್ನ ಅವರು ದೋಷ ಅಂತ ಲೆಕ್ಕ ಹಾಕ್ತಾರೆ. ಮಾರ್ಕ್ಸೂ ಹಾಗೇ ಒಂದು ಅಳತೆ, ಅದರಲ್ಲೂ ದೋಷ ಇದ್ದೇ ಇರುತ್ತೆ, ಅದನ್ನೂ ಲೆಕ್ಕ ಹಾಕೋಣ ಅಂದ. ಒಂದೇ ಒಂದು ಲ್ಯಾಟಿನ್ ಗದ್ಯದ ಉತ್ತರವನ್ನ 28 ಜನ ನುರಿತ ಪರೀಕ್ಷಕರಿಂದ ತಿದ್ದಿಸಿದ. ನೂರಕ್ಕೆ 45 ಕೊಟ್ಟವರೂ ಇದ್ದರು, ನೂರಕ್ಕೆ ನೂರು ಕೊಟ್ಟವರೂ ಇದ್ದರು. ಅದೇ ಹಾಳೆ, ಅದೇ ಅಕ್ಷರ!

ನಾನು ಸಾಫ್ಟ್‌ವೇರ್ ಕೆಲಸದವನು. ಒಂದೇ ಇನ್‌ಪುಟ್ ಕೊಟ್ಟಾಗ ಪ್ರತಿ ಸಲ ಬೇರೆ ಔಟ್‌ಪುಟ್ ಬಂದರೆ ಆ ಕೋಡ್ ಪ್ರೊಡಕ್ಷನ್‌ಗೆ ಹೋಗಲ್ಲ. ಆದರೆ ಇಡೀ ದೇಶಗಳು ತಮ್ಮ ಮಕ್ಕಳ ಭವಿಷ್ಯವನ್ನ ಈ ಯಂತ್ರದ ಮೇಲೆ ಓಡಿಸ್ತಾ ಇದ್ದವು. ಎಡ್ಜ್‌ವರ್ತ್ ಅಂತೂ ಪರೀಕ್ಷೆ ಬೇಡ ಅಂದವನಲ್ಲ. ಗೆರೆಯ ಆಚೆ ಈಚೆ ಇರೋರ ಪೈಕಿ ಬಹಳ ಜನರ ಪಾಸು ಫೇಲು ನಿರ್ಧಾರ ಆಗೋದು ಅದೃಷ್ಟದಿಂದ, ಅಷ್ಟನ್ನಾದರೂ ಒಪ್ಪಿಕೊಳ್ಳಿ ಅಂದ.

ಯಾರೋ ಹೇಳಬಹುದು, ಭಾಷೆಯ ವಿಷಯ ಹಾಗೇ, ಗಣಿತದಲ್ಲಿ ಹಾಗಾಗಲ್ಲ ಅಂತ. ಅದಕ್ಕೂ ಉತ್ತರ ಇದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇನಿಯಲ್ ಸ್ಟಾರ್ಚ್, ಎಡ್ವರ್ಡ್ ಎಲಿಯಟ್ 1912ರಲ್ಲಿ ಎರಡು ಇಂಗ್ಲಿಷ್ ಉತ್ತರ ಪತ್ರಿಕೆಗಳ ಪ್ರತಿಯನ್ನ ಹೈಸ್ಕೂಲುಗಳಿಗೆ ಕಳಿಸಿದರು. 142 ಮೇಷ್ಟ್ರುಗಳು ತಿದ್ದಿ ಕಳಿಸಿದರು. ಒಂದು ಪತ್ರಿಕೆಗೆ 64ರಿಂದ 98, ಇನ್ನೊಂದಕ್ಕೆ 50ರಿಂದ 97. ಜನ ಇದೇ ಮಾತು ಎತ್ತಿದರು, ಇಂಗ್ಲಿಷಲ್ಲವಾ ಅದಕ್ಕೆ ಅಂತ. ಸರಿ, ಮುಂದಿನ ವರ್ಷ ರೇಖಾಗಣಿತದ ಪತ್ರಿಕೆ ಕಳಿಸಿದರು. ಅಂತರ ಇನ್ನೂ ದೊಡ್ಡದಾಯ್ತು! ಒಂದೇ ಪತ್ರಿಕೆಗೆ ಮೂವತ್ತಕ್ಕಿಂತ ಕಡಿಮೆ ಕೊಟ್ಟವರು, ತೊಂಬತ್ತಕ್ಕಿಂತ ಹೆಚ್ಚು ಕೊಟ್ಟವರು ಇಬ್ಬರೂ ಸಿಕ್ಕರು. ಹೆಜ್ಜೆಗೆ ಎಷ್ಟು, ಉತ್ತರಕ್ಕೆ ಎಷ್ಟು, ಚಿತ್ರಕ್ಕೆ ಎಷ್ಟು ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ. ಬರವಣಿಗೆ ನೀಟಾಗಿಲ್ಲ ಅಂತ ಕಳೆದವರೂ ಇದ್ದರು. ಕೋಳಿ ಕೆರೆದ ಹಾಗೆ ಅನ್ನೋದು ನಮ್ಮೂರಿಗೆ ಮಾತ್ರ ಸೀಮಿತ ಅಲ್ಲ.

ಇವೆಲ್ಲ ಅದೃಷ್ಟದ, ಮೂಡಿನ ಮಾತು. ತಿದ್ದೋನ ಮನಸ್ಸಿನಲ್ಲಿ ಮೊದಲೇ ಒಂದು ಅಂದಾಜು ಕೂತಿದ್ದರೆ? ಇದನ್ನ ನಮ್ಮ ದೇಶದಲ್ಲೇ ಪರೀಕ್ಷಿಸಿ ನೋಡಿದ್ದಾರೆ. ರೇಮಾ ಹನ್ನಾ, ಲೀ ಲಿಂಡೆನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರ ಅಧ್ಯಯನ, ಪ್ರಕಟವಾದದ್ದು 2012ರಲ್ಲಿ. ಮಕ್ಕಳಿಗೆ ಬಹುಮಾನದ ಪರೀಕ್ಷೆ ಇಟ್ಟು, ಉತ್ತರ ಪತ್ರಿಕೆಗಳ ಪ್ರತಿ ತೆಗೆದು, ಮುಖಪುಟದಲ್ಲಿ ವಯಸ್ಸು, ಗಂಡು ಹೆಣ್ಣು, ಜಾತಿ ಇವನ್ನೆಲ್ಲ ಚೀಟಿ ಎತ್ತಿದ ಹಾಗೆ ಬೇಕಾಬಿಟ್ಟಿ ತುಂಬಿ ಶಿಕ್ಷಕರಿಗೆ ಕೊಟ್ಟರು. ಅಂದರೆ ಒಳಗಿನ ಉತ್ತರಕ್ಕೂ ಹೊರಗಿನ ಜಾತಿಗೂ ಸಂಬಂಧವೇ ಇಲ್ಲ. ಕೆಳಜಾತಿ ಅಂತ ಬರೆದಿದ್ದ ಪತ್ರಿಕೆಗಳಿಗೆ ಸರಾಸರಿಯಲ್ಲಿ ಮಾರ್ಕ್ಸು ಕಡಿಮೆ ಬಿತ್ತು. ಅಂತರ ದೊಡ್ಡದೇನಲ್ಲ, ಆದರೆ ಇತ್ತು. ಕಟ್ಟಿನಲ್ಲಿ ಮೊದಮೊದಲು ತಿದ್ದಿದ ಪತ್ರಿಕೆಗಳಲ್ಲಿ ಜಾಸ್ತಿ, ಕೈ ಕುದುರಿದ ಹಾಗೆ ಕಡಿಮೆ. ಮೇಲ್ಜಾತಿಯ ಶಿಕ್ಷಕರೇ ಹೀಗೆ ಮಾಡಿರ್ತಾರೆ ಅಂತ ನಾನೂ ಅಂದುಕೊಂಡೇ ಓದ್ತಿದ್ದೆ. ಹಾಗಿರಲಿಲ್ಲ. ಕಡಿಮೆ ಕೊಟ್ಟವರಲ್ಲಿ ಎದ್ದು ಕಂಡವರು ಕೆಳಜಾತಿಯಿಂದಲೇ ಬಂದ ಶಿಕ್ಷಕರು. ಆ ಸಾಲನ್ನ ಓದಿ ಲ್ಯಾಪ್‌ಟಾಪ್ ಮುಚ್ಚಿಟ್ಟು ಟೀ ಕುಡಿಯೋಕೆ ಹೋದವನು ಅರ್ಧ ಗಂಟೆ ವಾಪಸ್ ಬರಲಿಲ್ಲ. ಸಾಕು ಬಿಡು ಅವನಿಗೆ ಅನ್ನೋ ಅಂದಾಜು ಯಾರ ತಲೆಯೊಳಗೆಲ್ಲ ಹೋಗಿ ಕೂತಿರುತ್ತೆ ನೋಡಿ.

ನಮ್ಮ ಕಾಲಕ್ಕೆ ಏಳನೇ ಕ್ಲಾಸಿಗೂ ಪಬ್ಲಿಕ್ ಪರೀಕ್ಷೆ ಇತ್ತು. ಬೇರೆ ಊರಿನ ಸೆಂಟರ್, ಬೇರೆ ಯಾರೋ ಮೇಷ್ಟ್ರು ತಿದ್ದೋದು. ಹಾಲ್ ಟಿಕೆಟ್ ಕೊಡುವಾಗ ಹೆಡ್‌ಮೇಷ್ಟ್ರು ಹತ್ತು ಸಲ ಹೇಳಿದ್ದರು, ಪೇಪರ್ ಒಳಗೆ ಎಲ್ಲೂ ಹೆಸರು ಬರೀಬೇಡಿ, ರಿಜಿಸ್ಟರ್ ನಂಬರ್ ಮಾತ್ರ ಅಂತ. ಆಗ ನಮಗೆ ಅದು ಒಂದು ಭಯ, ತಪ್ಪಿ ಬರೆದುಬಿಟ್ಟರೆ ಫೇಲ್ ಮಾಡ್ತಾರೆ ಅಂತ. ಆ ನಂಬರಿನ ಬೆಲೆ ಗೊತ್ತಾದದ್ದು ರಿಸಲ್ಟ್ ಬಂದ ದಿನ. ಗಣಿತದಲ್ಲಿ ನನಗೆ 81, ಗೆಳೆಯನಿಗೆ 88. ನಮ್ಮ ಶಾಲೆಗೇ ಹೆಚ್ಚು. ಜೀವಮಾನದಲ್ಲಿ ಮೊದಲ ಸಲ ಅವನ ಪತ್ರಿಕೆಯನ್ನ ಅವನು ಯಾರ ಮಗ ಅಂತ ಗೊತ್ತಿಲ್ಲದವರು ತಿದ್ದಿದ್ದರು. ಅದೇ ಕೋಳಿ ಕೆರೆದ ಅಕ್ಷರ.

ಲೆಕ್ಕದ ಮೇಷ್ಟ್ರು ಪಟ್ಟಿ ನೋಡಿ, "ಸೆಂಟರ್‌ನಾಗೆ ಕಾಪಿ ನಡ್ದಿರ್ಬೇಕು ಕಣಯ್ಯ" ಅಂದರು. ಗೆಳೆಯ ಏನೂ ಅನ್ನಲಿಲ್ಲ. ಆಚೆ ಬಂದ ಮೇಲೆ ನನ್ನ ಕಡೆ ತಿರುಗಿ, "ಕಾಪಿ ಹೊಡ್ದಿದ್ರೆ ನಿಂದು ನೋಡಿ ಹೊಡೀಬೇಕಿತ್ತು ಕಣ್ಲಾ, ಎಂಬತ್ತೊಂದೇ ಬತ್ತಿತ್ತು" ಅಂದ. ಇಬ್ಬರೂ ನಕ್ಕಿದ್ದು ನೆನಪಿದೆ. ಹೈಸ್ಕೂಲಿಗೆ ಹೋದದ್ದು ಆ 88ರ ಬಲದ ಮೇಲೆ. ಅಲ್ಲಿವರೆಗೆ ಅವರಪ್ಪ ಏಳಕ್ಕೆ ಬಿಡಿಸಿ ಇಟ್ಟಿಗೆ ಗೂಡಿಗೆ ಕಳಿಸೋ ಯೋಚನೆಯಲ್ಲೇ ಇದ್ದರು. ಆಮೇಲೆ ಐಟಿಐ ಮಾಡಿದ, ಈಗ ಲೈನ್‌ಮನ್.

ಹೆಸರು ಮುಚ್ಚೋದು ಸಾಲದು, ತಿದ್ದಿದ್ದನ್ನ ತೆರೆದು ತೋರಿಸಬೇಕು ಅನ್ನೋ ತೀರ್ಮಾನ ನಮ್ಮ ದೇಶದಲ್ಲಿ ಬಂದದ್ದು ತೀರಾ ಈಚೆಗೆ, 2011ರ ಆಗಸ್ಟ್‌ನಲ್ಲಿ. ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿದ್ಯಾರ್ಥಿಗೆ ತನ್ನ ತಿದ್ದಿದ ಉತ್ತರ ಪತ್ರಿಕೆಯನ್ನ ಮಾಹಿತಿ ಹಕ್ಕಿನಡಿ ನೋಡುವ ಹಕ್ಕಿದೆ ಅಂತ ಹೇಳಿತು. ಸಿಬಿಎಸ್‌ಇ ಬೇಡವೇ ಬೇಡ ಅಂತ ವಾದಿಸಿ ಸೋತಿತು. ಈಗ ಪಿಯುಸಿ ಹುಡುಗರು ಮೊಬೈಲಲ್ಲೇ ಸ್ಕ್ಯಾನ್ ಪ್ರತಿ ತರಿಸಿಕೊಂಡು ಎರಡು ಮಾರ್ಕಿಗೆ ಜಗಳ ಆಡೋದು ನೋಡಿದರೆ ನನಗೆ ಖುಷಿ. ಆಡ್ರಪ್ಪಾ, ಆಡಿ.

ಇಲ್ಲಿಗೆ ನಮ್ಮ ಕಸುಬಿನವರ ಪಾತ್ರ ಬರುತ್ತೆ, ಅದೇನೂ ಹೆಮ್ಮೆಯದ್ದಲ್ಲ. 2020ರಲ್ಲಿ ಕೊರೋನಾ ಬಂದು ಇಂಗ್ಲೆಂಡಿನಲ್ಲಿ ಎ-ಲೆವೆಲ್ ಪರೀಕ್ಷೆ ರದ್ದಾಯ್ತು. ಶಾಲೆಗಳು ತಮ್ಮ ಅಂದಾಜಿನ ಗ್ರೇಡ್ ಕಳಿಸಿದವು. ಅಲ್ಲಿನ ಪರೀಕ್ಷಾ ನಿಯಂತ್ರಣ ಸಂಸ್ಥೆ ಆಫ್‌ಕ್ವಾಲ್, ಮೇಷ್ಟ್ರುಗಳು ಧಾರಾಳವಾಗಿ ಕೊಟ್ಟಿರ್ತಾರೆ ಅಂತ ಒಂದು ಅಲ್ಗಾರಿದಮ್ ಮಾಡಿತು. ಆ ಶಾಲೆಯ ಹಿಂದಿನ ವರ್ಷಗಳ ಫಲಿತಾಂಶ ನೋಡಿ ಈ ವರ್ಷದ ಹುಡುಗರಿಗೆ ಗ್ರೇಡ್ ಹಂಚೋದು. ಆಗಸ್ಟ್ 13ಕ್ಕೆ ಫಲಿತಾಂಶ ಬಂದಾಗ ಮೇಷ್ಟ್ರು ಕೊಟ್ಟಿದ್ದಕ್ಕಿಂತ ಶೇಕಡ 40ರಷ್ಟು ಗ್ರೇಡ್‌ಗಳು ಕೆಳಗಿಳಿದಿದ್ದವು. ತೀರಾ ಚಿಕ್ಕ ಕ್ಲಾಸುಗಳಿಗೆ ಮಾತ್ರ ಮೇಷ್ಟ್ರ ಅಂದಾಜನ್ನೇ ಉಳಿಸಿಕೊಂಡಿದ್ದರು. ಚಿಕ್ಕ ಕ್ಲಾಸು ಇರೋದು ಎಲ್ಲಿ? ದುಡ್ಡು ಕೊಟ್ಟು ಓದುವ ಖಾಸಗಿ ಶಾಲೆಗಳಲ್ಲಿ. ಹಿಂದುಳಿದ ಶಾಲೆಯ ಜಾಣ ಹುಡುಗಿಗೆ, ನಿಮ್ಮ ಶಾಲೆಯಲ್ಲಿ ಇಷ್ಟು ದಿನ ಯಾರಿಗೂ ಎ ಬಂದಿಲ್ಲ, ನಿನಗೂ ಯಾಕೆ ಅಂದ ಹಾಗಾಯ್ತು. ನಮ್ಮ ಮೇಷ್ಟ್ರು ಕನ್ನಡಕ ಏರಿಸಿ ಹೇಳಿದ್ದನ್ನ ಇಲ್ಲಿ ಕಂಪ್ಯೂಟರ್ ಹೇಳಿತು, ಅಷ್ಟೇ. ಹುಡುಗರು ಬೀದಿಗಿಳಿದರು. ನಾಲ್ಕೇ ದಿನಕ್ಕೆ, 17ನೇ ತಾರೀಖು, ಅದನ್ನ ವಾಪಸ್ ತಗೊಂಡರು.

ಆಫೀಸಿನ ಅಪ್ರೈಸಲ್ ಬಗ್ಗೆ ಹೆಚ್ಚು ಬರೆಯಲ್ಲ, ಓದ್ತಿರೋ ನಿಮಗೆ ಆ ನೋವು ಗೊತ್ತು. ಟೀಮಿನಲ್ಲಿ ಇಂತಿಷ್ಟು ಜನ ಕೆಳಗಿರಲೇಬೇಕು ಅನ್ನೋ ಬೆಲ್ ಕರ್ವ್ ಪದ್ಧತಿಯನ್ನ ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು. ಇನ್ನೂ ಬಿಡದ ಕಂಪನಿಗಳಲ್ಲಿ ಮ್ಯಾನೇಜರ್ ನಮ್ಮ ಕ್ಯಾಬಿನ್ನಿಗೆ ಕರೆದು, ನಿಂದು ಚೆನ್ನಾಗೇ ಇತ್ತು, ಆದರೆ... ಅಂತ ಶುರು ಮಾಡ್ತಾನಲ್ಲ, ಅಲ್ಲಿ ಹೆಸರು ಮುಚ್ಚೋ ಕಾಗದ ಎಲ್ಲಿಂದ ತರೋಣ?

ಹೋದ ಯುಗಾದಿಗೆ ಊರಿಗೆ ಹೋದಾಗ ಗೆಳೆಯ ಸಿಕ್ಕಿದ್ದ. ಅವನ ಮಗಳು ಈಗ ಎಂಟನೇ ಕ್ಲಾಸು, ಲೆಕ್ಕದಲ್ಲಿ ಅಪ್ಪನ ಥರಾನೇ, ಅಕ್ಷರವೂ ಅಪ್ಪನ ಥರಾನೇ. ಎಸ್ಸೆಸ್ಸೆಲ್ಸಿಗೆ ಮಾರ್ಕ್ಸು ಹೇಗೆ ಹಂಚ್ತಾರೆ ಅಂತ ಕೇಳಿದ. ಕೂತು ಹೇಳಿದೆ: ಒಟ್ಟು 625. ಪ್ರಥಮ ಭಾಷೆಗೆ 125, ಅದರಲ್ಲಿ 100 ಪರೀಕ್ಷೆ, 25 ಇಂಟರ್ನಲ್. ಉಳಿದ ಐದಕ್ಕೆ ನೂರು ನೂರು, ಅದರಲ್ಲಿ 80 ಪರೀಕ್ಷೆ, 20 ಇಂಟರ್ನಲ್. ಪರೀಕ್ಷೆ ಪೇಪರ್ ಬೇರೆ ಕಡೆ ಹೋಗುತ್ತೆ, ನಂಬರ್ ಮಾತ್ರ ಇರುತ್ತೆ.

ಅವನು ಬೆರಳು ಮಡಚಿ ಕೂಡಿದ. ನನಗಿಂತ ಬೇಗ.

"ಇಂಟರ್ನಲ್ಲು ನೂರಿಪ್ಪತ್ತೈದು ಆಯ್ತಲ್ಲಾ. ಅದನ್ನ ಯಾರ್ಲಾ ಕೊಡೋದು?"